ರಕ್ತದ ಕ್ಯಾನ್ಸರ್‌ನಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದಾಗ: ಯಾವ ಔಷಧಿ, ಯಾವ ಹೊತ್ತಿಗೆ, ಯಾರಿಗೆ

ಮೈಲೋಮಾ ಅಥವಾ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಇರುವವರಿಗೆ ನಾಲ್ಕು ದಿನದಿಂದ ಮಲಬದ್ಧತೆ. ನೀರು ಕುಡಿದಷ್ಟೂ ಬಾಯಾರಿಕೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಾರೆ, ಊಟ ಕಂಡರೆ ವಾಕರಿಕೆ, ಹಗಲಿಡೀ ತೂಕಡಿಕೆ. ಈಗಷ್ಟೇ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ. ಇದನ್ನೆಲ್ಲ ಕೀಮೋದ ಸುಸ್ತು ಎಂದುಕೊಂಡು ಮುಂದಿನ ಭೇಟಿಯವರೆಗೆ ಕಾಯಬೇಡಿ. ಅದೇ ದಿನ ರಕ್ತದ ಕ್ಯಾಲ್ಸಿಯಂ ನೋಡಿಸಿ. ಹೆಚ್ಚಾದ ಕ್ಯಾಲ್ಸಿಯಂ ಕಿಡ್ನಿಯ ನೀರು ಹಿಡಿದಿಡುವ ಶಕ್ತಿಯನ್ನೇ ಕೆಡಿಸುತ್ತದೆ. ಮೂತ್ರದಲ್ಲಿ ನೀರು ಹೋಗುತ್ತಲೇ ಇರುತ್ತದೆ, ಮೈ ಒಣಗುತ್ತದೆ, ಒಣಗಿದ ಮೈಯಲ್ಲಿ ಕಿಡ್ನಿ ಕ್ಯಾಲ್ಸಿಯಂ ಹೊರಹಾಕುವುದು ಇನ್ನೂ ಕಡಿಮೆಯಾಗುತ್ತದೆ. ಹೀಗೆ ಒಂದಕ್ಕೊಂದು ಕೂಡಿಕೊಂಡು, ಸೋಮವಾರ 12 ಇದ್ದದ್ದು ಗುರುವಾರಕ್ಕೆ 15 ಆಗಿಬಿಡಬಹುದು.

ಆಸ್ಪತ್ರೆಯಲ್ಲಿ ಇದಕ್ಕೆ ಬಳಸುವುದು ಸಲೈನ್, ಕ್ಯಾಲ್ಸಿಟೋನಿನ್, ಝೋಲೆಡ್ರಾನಿಕ್ ಆಸಿಡ್ ಅಥವಾ ಪಾಮಿಡ್ರೊನೇಟ್, ಡೆನೊಸುಮ್ಯಾಬ್, ಸ್ಟಿರಾಯ್ಡ್, ಕೊನೆಗೆ ಡಯಾಲಿಸಿಸ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ ಯಾವುದು ಯಾವ ಹೊತ್ತಿನ ಔಷಧಿ ಎಂದು ಕೇಳಿದರೆ ಉತ್ತರ ಸಲೀಸಾಗಿ ಸಿಗುತ್ತದೆ. ಮೊದಲ ಆರು ಗಂಟೆಗೆ ಬೇಕಾದದ್ದು ಒಂದು, ಮೂರನೇ ದಿನಕ್ಕೆ ಬೇಕಾದದ್ದು ಇನ್ನೊಂದು, ಮುಂದಿನ ತಿಂಗಳಿಗೆ ಮತ್ತೊಂದು. ಅದರ ಮೇಲೆ ಎರಡು ಪ್ರಶ್ನೆಗಳು ಆಯ್ಕೆಯನ್ನು ತಿರುಗಿಸುತ್ತವೆ: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ? ಈ ಕ್ಯಾಲ್ಸಿಯಂ ಎಲ್ಲಿಂದ ಬರುತ್ತಿದೆ?

ಇಲ್ಲಿ ಬರುವ ಡೋಸ್‌ಗಳು ವಯಸ್ಕರಿಗೆ, ಆಸ್ಪತ್ರೆಯ ನಿಗಾದಲ್ಲಿ ಕೊಡುವಂಥವು. ಮನೆಯಲ್ಲಿ ಮಾಡಿಕೊಳ್ಳುವ ಚಿಕಿತ್ಸೆ ಇದರಲ್ಲಿ ಯಾವುದೂ ಇಲ್ಲ. ಆದರೆ ರೋಗಿಯ ಪಕ್ಕ ಕೂತವರಿಗೆ ಈ ಲೆಕ್ಕ ಗೊತ್ತಿದ್ದರೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ ಕೇಳಬಹುದು.

ರಿಪೋರ್ಟಿನ ಸಂಖ್ಯೆ ನಿಜವೇ?

ಕ್ಯಾಲ್ಸಿಯಂ ಸಂಖ್ಯೆಗಳನ್ನು ಇಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿದೆ. ನಿಮ್ಮ ರಿಪೋರ್ಟ್ ಲೀಟರಿಗೆ ಮಿಲಿಮೋಲ್‌ನಲ್ಲಿದ್ದರೆ 4ರಿಂದ ಗುಣಿಸಿಕೊಳ್ಳಿ. ಸಾಮಾನ್ಯ ಮಟ್ಟ 8.5ರಿಂದ 10.5. ಅಲ್ಲಿಂದ 12ರವರೆಗೆ ಅಲ್ಪ ಏರಿಕೆ, 12ರಿಂದ 14 ಮಧ್ಯಮ, 14 ದಾಟಿದರೆ ತುರ್ತು. ಸಂಖ್ಯೆಯಷ್ಟೇ ಮುಖ್ಯವಾದದ್ದು ಏರಿದ ವೇಗ. ತಿಂಗಳುಗಟ್ಟಲೆ ನಿಧಾನವಾಗಿ 13ಕ್ಕೆ ಬಂದವರು ನಡೆದುಕೊಂಡೇ ಆಸ್ಪತ್ರೆಗೆ ಬರಬಹುದು, ಒಂದೇ ವಾರದಲ್ಲಿ 13 ಆದವರು ಮಂಪರಿನಲ್ಲಿರಬಹುದು.

ರಕ್ತದ ಕ್ಯಾಲ್ಸಿಯಂನಲ್ಲಿ ಶೇ. 40ರಷ್ಟು ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು, ಕೆಡಕು ಮಾಡುವುದು ಎಲ್ಲ ಅಂಟಿಕೊಳ್ಳದೆ ಬಿಡಿಯಾಗಿರುವ ಅಯಾನೈಸ್ಡ್ ಕ್ಯಾಲ್ಸಿಯಂ. ಕ್ಯಾನ್ಸರ್ ಇರುವವರಲ್ಲಿ ಆಲ್ಬುಮಿನ್ ಇಳಿದಿರುವುದೇ ಹೆಚ್ಚು, ಹಾಗಾಗಿ ಒಟ್ಟು ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ತಿದ್ದುಪಡಿಯ ಲೆಕ್ಕ ಸುಲಭ: 4ರಿಂದ ಆಲ್ಬುಮಿನ್ (ಡೆಸಿಲೀಟರಿಗೆ ಗ್ರಾಂ ಲೆಕ್ಕದಲ್ಲಿ) ಕಳೆಯಿರಿ, ಬಂದದ್ದನ್ನು 0.8ರಿಂದ ಗುಣಿಸಿ, ಒಟ್ಟು ಕ್ಯಾಲ್ಸಿಯಂಗೆ ಕೂಡಿಸಿ. ಕ್ಯಾಲ್ಸಿಯಂ 12.8, ಆಲ್ಬುಮಿನ್ 2.6 ಎಂದಿಟ್ಟುಕೊಳ್ಳಿ. 4ರಲ್ಲಿ 2.6 ಹೋದರೆ 1.4, ಅದರ 0.8 ಪಾಲು 1.1, ಕೂಡಿಸಿದರೆ 13.9. ಮಧ್ಯಮ ಎಂದು ಕಂಡದ್ದು ತುರ್ತಿನ ಹೊಸ್ತಿಲಲ್ಲಿದೆ.

ಮೈಲೋಮಾದಲ್ಲಿ ಇದರ ತದ್ವಿರುದ್ಧ ಪ್ರಮಾದವೂ ಆಗುತ್ತದೆ. ಕೆಲವರಲ್ಲಿ ಮೈಲೋಮಾದ ಅಸಹಜ ಪ್ರೋಟೀನೇ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ 13 ಇರುತ್ತದೆ, ಅಯಾನೈಸ್ಡ್ ಮಾತ್ರ ಸಾಮಾನ್ಯ, ರೋಗಿಗೂ ಏನೂ ತೊಂದರೆ ಇಲ್ಲ. ಇಂಥವರಿಗೆ ಕ್ಯಾಲ್ಸಿಯಂ ಇಳಿಸುವ ಔಷಧಿ ಕೊಟ್ಟರೆ ನಿಜವಾದ ಕ್ಯಾಲ್ಸಿಯಂ ಕುಸಿದು ಅಪಾಯವಾಗುತ್ತದೆ. ಸಂಖ್ಯೆಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದರೆ ಅಯಾನೈಸ್ಡ್ ಕ್ಯಾಲ್ಸಿಯಂ ನೋಡದೆ ಮುಂದಿನ ಹೆಜ್ಜೆ ಇಡಬಾರದು. ಅದರ ಸಾಮಾನ್ಯ ಮಟ್ಟ ಲೀಟರಿಗೆ ಸುಮಾರು 1.12ರಿಂದ 1.32 ಮಿಲಿಮೋಲ್.

ರಕ್ತ ತೆಗೆಯುವ ಕೈಯೂ ಫಲಿತಾಂಶ ಕೆಡಿಸಬಲ್ಲದು. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಾ ಹೆಚ್ಚು ಹೊತ್ತು ಬಿಟ್ಟರೆ ಒಟ್ಟು ಕ್ಯಾಲ್ಸಿಯಂ ಹೆಚ್ಚಾಗಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಬೇರೆ ಟ್ಯೂಬಿಗೆ ಬೆರೆತರೆ ಕ್ಯಾಲ್ಸಿಯಂ ಸುಳ್ಳೇ ಇಳಿದು ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಈ ಜೋಡಿ ಒಟ್ಟಿಗೆ ಕಂಡರೆ ಚಿಕಿತ್ಸೆ ಬದಲಿಸುವ ಮೊದಲು ಮತ್ತೊಮ್ಮೆ ರಕ್ತ ತೆಗೆಯಿರಿ. ಅಯಾನೈಸ್ಡ್ ಮಾದರಿಯನ್ನು ಗಾಳಿ ಸೇರದಂತೆ ತೆಗೆದು, ತಡಮಾಡದೆ ಬ್ಲಡ್ ಗ್ಯಾಸ್ ಯಂತ್ರಕ್ಕೆ ಹಾಕಬೇಕು.

ಕ್ಯಾಲ್ಸಿಯಂ ಬರುವ ದಾರಿ

ಮೈಲೋಮಾದಲ್ಲಿ ಅದು ಮೂಳೆಯಿಂದ ಬರುತ್ತದೆ. ಮಜ್ಜೆಯಲ್ಲಿ ಬೆಳೆದ ಕ್ಯಾನ್ಸರ್ ಕೋಶಗಳು ರ‍್ಯಾಂಕ್-ಲಿಗ್ಯಾಂಡ್ ಎಂಬ ಸಂಕೇತವನ್ನು ಹೆಚ್ಚಿಸಿ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ, ಮೂಳೆ ಕಟ್ಟುವ ಕೋಶಗಳನ್ನು ತಡೆಯುತ್ತವೆ. ಎಚ್‌ಟಿಎಲ್‌ವಿ-1 ವೈರಸ್‌ನಿಂದ ಬರುವ ವಯಸ್ಕರ ಟಿ-ಕೋಶ ಲ್ಯುಕೇಮಿಯಾದಲ್ಲೂ ಮೂಳೆಯೇ ಮೂಲ. ಅಲ್ಲಿ ಪಿಟಿಎಚ್‌ಆರ್‌ಪಿ ಎಂಬ ಹಾರ್ಮೋನಿನಂಥ ಪ್ರೋಟೀನೂ ಕೈಜೋಡಿಸುತ್ತದೆ, ಏರಿಕೆ ತುಂಬ ಬಿರುಸಾಗಿರುತ್ತದೆ. ಕೆಲವು ಲಿಂಫೋಮಾಗಳ ದಾರಿಯೇ ಬೇರೆ: ಅಲ್ಲಿನ ಕೋಶಗಳು ವಿಟಮಿನ್ ಡಿ ಯನ್ನು ಅದರ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಿಯಾಲ್‌ಗೆ ಹದ್ದುಮೀರಿ ಬದಲಿಸುತ್ತವೆ, ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಮಿತಿಯಿಲ್ಲದೆ ಹೀರುತ್ತದೆ.

ಈ ವ್ಯತ್ಯಾಸದಿಂದಲೇ ಔಷಧಿ ಬದಲಾಗುತ್ತದೆ. ಆದ್ದರಿಂದ ಮೊದಲ ಡೋಸ್‌ಗೆ ಮುಂಚೆ, ಅದರಲ್ಲೂ ಸ್ಟಿರಾಯ್ಡ್‌ಗೆ ಮುಂಚೆ, ಒಂದೇ ಸಲಕ್ಕೆ ರಕ್ತ ತೆಗೆದಿಡಬೇಕು: ಪಿಟಿಎಚ್ (ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್), ಪಿಟಿಎಚ್‌ಆರ್‌ಪಿ, 25-ಹೈಡ್ರಾಕ್ಸಿ ವಿಟಮಿನ್ ಡಿ, 1,25-ಡೈಹೈಡ್ರಾಕ್ಸಿ ವಿಟಮಿನ್ ಡಿ (ಅಂದರೆ ಕ್ಯಾಲ್ಸಿಟ್ರಿಯಾಲ್), ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ರಿಯೇಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ತ್ಯಾಜ್ಯ). ಜೊತೆಗೊಂದು ಇಸಿಜಿ, ಕ್ಯಾಲ್ಸಿಯಂ ಏರಿದಾಗ ಅದರಲ್ಲಿ ಕಾಣುವ ಕ್ಯೂಟಿ ಎಂಬ ಅಂತರ ಕುಗ್ಗುತ್ತದೆ. ವರದಿಗಳು ಬರಲು ದಿನಗಳು ಹಿಡಿಯಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಕಿಲ್ಲ. ಮಾದರಿ ಮೊದಲೇ ತೆಗೆದಿದ್ದರೆ ಸಾಕು.

ಕ್ಯಾನ್ಸರ್‌ನಿಂದಾದ ಏರಿಕೆಯಲ್ಲಿ ಪಿಟಿಎಚ್ ತಗ್ಗಿರಬೇಕು. ತಗ್ಗದೆ ಸಾಮಾನ್ಯ ಅಥವಾ ಹೆಚ್ಚು ಇದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಬೇರೆಯೇ ಕಾಯಿಲೆ ಜೊತೆಗಿದೆ ಎಂದರ್ಥ. ಮೈಲೋಮಾ ಇರುವವರಿಗೆ ಅದು ಬರಬಾರದೆಂದೇನೂ ಇಲ್ಲ. ಇದನ್ನು ಗಮನಿಸದೆ ಮೈಲೋಮಾ ಮರುಕಳಿಸಿದೆ ಎಂದು ತೀರ್ಮಾನಿಸಿದರೆ ಬೇಡದ ಕೀಮೋ ಶುರುವಾಗಿಬಿಡುತ್ತದೆ.

ಸಲೈನ್: ಎಲ್ಲರಿಗೂ, ಆದರೆ ಕಣ್ಣಳತೆಯಲ್ಲಿ ಅಲ್ಲ

ಬೇರೆ ಯಾವ ಔಷಧಿ ಕೊಟ್ಟರೂ ನೀರು ಮೊದಲು. ತೀವ್ರ ಏರಿಕೆಯಲ್ಲಿ ಹೆಚ್ಚಿನವರ ಮೈಯಲ್ಲಿ ಹಲವು ಲೀಟರ್ ನೀರಿನ ಕೊರತೆ ಇರುತ್ತದೆ. ಶೇ. 0.9ರ ಸಲೈನ್ ಅನ್ನು ಗಂಟೆಗೆ 200ರಿಂದ 300 ಮಿಲಿ ವೇಗದಲ್ಲಿ ಶುರುಮಾಡಿ, ಮೂತ್ರ ಗಂಟೆಗೆ 100ರಿಂದ 150 ಮಿಲಿ ಬರುವಂತೆ ವೇಗ ಹೊಂದಿಸುವುದು ರೂಢಿ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ, ಅದು ಇಲ್ಲಿಗಲ್ಲ. ಗಂಟೆಗಳಲ್ಲೇ ಸಂಖ್ಯೆ ಇಳಿಯತೊಡಗುತ್ತದೆ, ಆದರೆ ಒಂದು ದಿನಕ್ಕೆ ಇಳಿಯುವುದು ಸುಮಾರು 1ರಿಂದ 1.5 ಅಷ್ಟೇ. 15 ಇದ್ದವರನ್ನು ಸಲೈನ್ ಒಂದೇ ಸಾಮಾನ್ಯಕ್ಕೆ ತರಲಾರದು.

ತಪ್ಪುವುದು ಎರಡು ಕಡೆ. ಒಂದು, ಕಡಿಮೆ ಕೊಡುವುದು: ದಿನಕ್ಕೆ ಒಂದೆರಡು ಬಾಟಲಿ ಹಾಕಿ ಡ್ರಿಪ್ ನಡೆಯುತ್ತಿದೆ ಎಂದು ಸಮಾಧಾನ ಪಟ್ಟುಕೊಳ್ಳುವುದು. ಇನ್ನೊಂದು, ಹೃದಯ ದುರ್ಬಲವಾಗಿರುವವರಿಗೆ, ಮೂತ್ರ ಕಟ್ಟಿದವರಿಗೆ ಅದೇ 300 ಮಿಲಿ ವೇಗ ಬಿಡದೆ ಹಿಡಿಯುವುದು. ಮೈಲೋಮಾದಲ್ಲಿ ಕಿಡ್ನಿಯ ನಾಳಗಳಲ್ಲಿ ಪ್ರೋಟೀನ್ ಕಟ್ಟಿಕೊಂಡಿರಬಹುದು, ನೀರು ಒಳಗೆ ಹೋದದ್ದೆಲ್ಲ ಹೊರಗೆ ಬಾರದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದ್ದರಿಂದ ಹಾಳೆಯ ಮೇಲೆ ಒಳಗೆ ಹೋದದ್ದು, ಹೊರಗೆ ಬಂದದ್ದು ಗಂಟೆಗಂಟೆಗೂ ಬರೆಯಬೇಕು. ಆಮ್ಲಜನಕದ ಮಟ್ಟ, ಉಸಿರಿನ ವೇಗ, ಪಾದದ ಊತ, ಬೆಳಗಿನ ತೂಕ ಇವನ್ನೂ ನೋಡಬೇಕು. ರೋಗಿಯ ಜೊತೆಗಿರುವವರು ಇಲ್ಲಿ ದೊಡ್ಡ ಸಹಾಯ: ಬಚ್ಚಲಿಗೆ ಹೋಗಿ ಬಂದದ್ದು ಲೆಕ್ಕಕ್ಕೆ ಸಿಗದೆ ಹೋಗುವುದೇ ಹೆಚ್ಚು, ಅಳತೆಯ ಪಾತ್ರೆಯಲ್ಲಿ ಹಿಡಿದು ನರ್ಸ್‌ಗೆ ಹೇಳಿ.

ಫ್ರುಸೆಮೈಡ್ ಕೊಟ್ಟು ಮೂತ್ರದ ಜೊತೆ ಕ್ಯಾಲ್ಸಿಯಂ ಹೊರಹಾಕುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಒಣಗಿದ ಮೈಗೆ ಅದು ಇನ್ನಷ್ಟು ಹಾನಿ. ನೀರು ತುಂಬಿಸಿದ ಮೇಲೆ ಮೈಯಲ್ಲಿ ನೀರು ನಿಂತರೆ ಮಾತ್ರ 20ರಿಂದ 40 ಮಿಲಿಗ್ರಾಂ ಕೊಡುವುದು ಸರಿ. ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಮೂತ್ರದಲ್ಲಿ ಸೋರುತ್ತವೆ, ಮೊದಲ ಎರಡು ದಿನ 6ರಿಂದ 12 ಗಂಟೆಗೊಮ್ಮೆ ರಕ್ತ ನೋಡಬೇಕು.

ಕ್ಯಾಲ್ಸಿಟೋನಿನ್: ಎರಡು ದಿನದ ಸೇತುವೆ

ಇದು ಮೂಳೆ ಕರಗುವುದನ್ನು ತಡೆಯುವ ಹಾರ್ಮೋನ್. ಸಾಲ್ಮನ್ ಮೀನಿನ ಮಾದರಿಯ ಕ್ಯಾಲ್ಸಿಟೋನಿನ್ ಚರ್ಮದಡಿ ಅಥವಾ ಸ್ನಾಯುವಿಗೆ, ತೂಕದ ಕಿಲೋಗೆ 4 ಯೂನಿಟ್, 12 ಗಂಟೆಗೊಮ್ಮೆ. 60 ಕಿಲೋ ಇರುವವರಿಗೆ ಸಲಕ್ಕೆ 240 ಯೂನಿಟ್. ಸಾಲದಿದ್ದರೆ ಕಿಲೋಗೆ 8 ಯೂನಿಟ್‌ವರೆಗೆ ಏರಿಸುತ್ತಾರೆ. 4ರಿಂದ 6 ಗಂಟೆಯಲ್ಲಿ ಕೆಲಸ ಶುರು, ಇಳಿಕೆ 1ರಿಂದ 2. ಕಿಡ್ನಿಗೆ ವಿಷವಲ್ಲ ಎಂಬುದು ಇದರ ದೊಡ್ಡ ಗುಣ. 48 ಗಂಟೆಯಾಗುವಷ್ಟರಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಸತ್ತುಹೋಗುತ್ತದೆ ಎಂಬುದು ದೊಡ್ಡ ದೋಷ.

ಅಂದರೆ ಇದು ಒಂಟಿಯಾಗಿ ಕೊಡುವ ಔಷಧಿಯಲ್ಲ. ಮೊದಲ ದಿನವೇ ಇದರ ಜೊತೆ ಝೋಲೆಡ್ರಾನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಹೋಗಿರಬೇಕು, ಆಗ ಇದರ ಬಲ ಮುಗಿಯುವ ಹೊತ್ತಿಗೆ ಅದರ ಬಲ ಬಂದಿರುತ್ತದೆ. ಕ್ಯಾಲ್ಸಿಟೋನಿನ್‌ನಿಂದ ಮರುದಿನ ಸಂಖ್ಯೆ ಇಳಿದದ್ದನ್ನು ಕಂಡು ದೀರ್ಘ ಔಷಧಿಯನ್ನು ಮುಂದೂಡಿದರೆ ಮೂರನೇ ದಿನ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಬೇಕಾಗುತ್ತದೆ. 14 ದಾಟಿದವರಿಗೆ, ಮಂಪರು ಇರುವವರಿಗೆ ಇದು ಬೇಕು. 12.5 ಇದ್ದು ಎಚ್ಚರವಾಗಿ ಮಾತಾಡುತ್ತಿರುವವರಿಗೆ ಬೇಕಿಲ್ಲ. ಮೂಗಿಗೆ ಬಿಡುವ ಸ್ಪ್ರೇ ಈ ಕೆಲಸಕ್ಕೆ ಬಾರದು. ವಾಕರಿಕೆ, ಮುಖ ಕೆಂಪೇರುವುದು ಸಾಮಾನ್ಯ. ಅಲರ್ಜಿಯ ಶಂಕೆ ಇದ್ದರೆ ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು.

ಝೋಲೆಡ್ರಾನಿಕ್, ಪಾಮಿಡ್ರೊನೇಟ್, ಡೆನೊಸುಮ್ಯಾಬ್

ನಿಜವಾದ ಹೋಲಿಕೆ ಇರುವುದು ಈ ಮೂರರ ನಡುವೆ. ಮೂರೂ ಆಸ್ಟಿಯೋಕ್ಲಾಸ್ಟ್‌ಗಳನ್ನೇ ತಡೆಯುತ್ತವೆ. ಮೊದಲ ಎರಡು ಬಿಸ್‌ಫಾಸ್ಫೊನೇಟ್‌ಗಳು ಮೂಳೆಯ ಮೇಲ್ಮೈಗೆ ಅಂಟಿಕೊಂಡು, ಮೂಳೆ ಕರಗಿಸಲು ಬಂದ ಕೋಶದ ಒಳಹೊಕ್ಕು ಅದನ್ನು ಕೆಡಿಸುತ್ತವೆ. ಡೆನೊಸುಮ್ಯಾಬ್ ರ‍್ಯಾಂಕ್-ಲಿಗ್ಯಾಂಡ್ ಸಂಕೇತವನ್ನೇ ಹಿಡಿದುಕೊಳ್ಳುವ ಆ್ಯಂಟಿಬಾಡಿ.

ಝೋಲೆಡ್ರಾನಿಕ್ ಆಸಿಡ್ 4 ಮಿಲಿಗ್ರಾಂ, 100 ಮಿಲಿ ಸಲೈನ್ ಅಥವಾ ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲಿ, 15 ನಿಮಿಷಕ್ಕಿಂತ ಕಡಿಮೆಯಾಗದಂತೆ. ಈ 15 ನಿಮಿಷದ ಹಿಂದೆ ಕಲಿತ ಪಾಠವಿದೆ: ಬೇಗ ಹರಿಸಿದಾಗ ಕಿಡ್ನಿಗೆ ಪೆಟ್ಟು ಬಿದ್ದದ್ದು ಕಂಡೇ ಈ ಮಿತಿ ಬಂದದ್ದು, 8 ಮಿಲಿಗ್ರಾಂ ಡೋಸನ್ನು ಕೈಬಿಟ್ಟದ್ದೂ ಅದಕ್ಕೇ. ಅದೇ ನಳಿಕೆಯಲ್ಲಿ ಕ್ಯಾಲ್ಸಿಯಂ ಇರುವ ಯಾವ ದ್ರವವೂ ಹೋಗಬಾರದು. ಒಂದರಿಂದ ಮೂರು ದಿನದಲ್ಲಿ ಕೆಲಸ ಶುರು, 4ರಿಂದ 7ನೇ ದಿನದ ಹೊತ್ತಿಗೆ ಕನಿಷ್ಠ ಮಟ್ಟ, ಎರಡರಿಂದ ನಾಲ್ಕು ವಾರ ಬಾಳಿಕೆ. ಸಂಖ್ಯೆ ಇಳಿಯಲಿಲ್ಲವೆಂದು ಮೂರನೇ ದಿನವೇ ಇನ್ನೊಂದು ಡೋಸ್ ಹಾಕಬಾರದು, ಕನಿಷ್ಠ 7 ದಿನ ಕಾಯಬೇಕು.

ಪಾಮಿಡ್ರೊನೇಟ್ 60ರಿಂದ 90 ಮಿಲಿಗ್ರಾಂ, 2ರಿಂದ 24 ಗಂಟೆ ಹರಿಸಬೇಕು. 2001ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ 10ನೇ ದಿನಕ್ಕೆ ಕ್ಯಾಲ್ಸಿಯಂ ಸಾಮಾನ್ಯಕ್ಕೆ ಬಂದವರು ಝೋಲೆಡ್ರಾನಿಕ್ 4 ಮಿಲಿಗ್ರಾಂ ಪಡೆದವರಲ್ಲಿ ಶೇ. 88.4, ಪಾಮಿಡ್ರೊನೇಟ್ ಪಡೆದವರಲ್ಲಿ ಶೇ. 69.7. ಹತೋಟಿ ಉಳಿದದ್ದೂ ಝೋಲೆಡ್ರಾನಿಕ್‌ನಲ್ಲಿ ಮಧ್ಯಮಾಂಕ 32 ದಿನ, ಪಾಮಿಡ್ರೊನೇಟ್‌ನಲ್ಲಿ 18 ದಿನ. ಎರಡೂ ಕೈಗೆ ಸಿಗುವಂತಿದ್ದು ಕಿಡ್ನಿ ಚೆನ್ನಾಗಿದ್ದರೆ ಝೋಲೆಡ್ರಾನಿಕ್ ಎಂದು ಕಣ್ಣುಮುಚ್ಚಿ ಹೇಳಬಹುದು. ಝೋಲೆಡ್ರಾನಿಕ್ ಸಿಗದ ಕಡೆ ಪಾಮಿಡ್ರೊನೇಟ್ ಈಗಲೂ ಒಳ್ಳೆಯ ಔಷಧಿಯೇ.

ಕಿಡ್ನಿ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಮೈಲೋಮಾದ ಮೂಳೆ ರಕ್ಷಣೆಗೆ ತಿಂಗಳಿಗೊಮ್ಮೆ ಕೊಡುವ ಝೋಲೆಡ್ರಾನಿಕ್‌ಗೆ ಕ್ರಿಯೇಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ರಕ್ತ ಶುದ್ಧಿ ಮಾಡುತ್ತದೆ ಎಂಬ ಅಳತೆ) ನೋಡಿ ಡೋಸ್ ಇಳಿಸುತ್ತಾರೆ: 50ರಿಂದ 60 ಇದ್ದರೆ 3.5 ಮಿಲಿಗ್ರಾಂ, 40ರಿಂದ 49ಕ್ಕೆ 3.3, 30ರಿಂದ 39ಕ್ಕೆ 3.0, ಅದಕ್ಕಿಂತ ಕೆಳಗೆ ಬೇಡ. ಕ್ಯಾಲ್ಸಿಯಂ ಏರಿಕೆಯ ತುರ್ತಿನಲ್ಲಿ ಔಷಧಿಯ ಅಧಿಕೃತ ಮಾಹಿತಿ ಬೇರೆ: ರಕ್ತದ ಕ್ರಿಯೇಟಿನಿನ್ ಡೆಸಿಲೀಟರಿಗೆ 4.5 ಮಿಲಿಗ್ರಾಂಗಿಂತ ಕೆಳಗಿದ್ದರೆ ಪೂರ್ತಿ 4 ಮಿಲಿಗ್ರಾಂ ಕೊಡಬಹುದು. ಇದಕ್ಕೆ ಕಾರಣವೂ ಇದೆ. ಏರಿದ ಕ್ರಿಯೇಟಿನಿನ್‌ನಲ್ಲಿ ಬಹುಪಾಲು ನೀರಿನ ಕೊರತೆಯಿಂದ, ಕ್ಯಾಲ್ಸಿಯಂನಿಂದ ಆದದ್ದು. ಅವೆರಡೂ ಸರಿಯಾದರೆ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಆದರೆ ಮೈಲೋಮಾದಲ್ಲಿ ಕಿಡ್ನಿ ಪ್ರೋಟೀನಿನಿಂದಲೇ ಕೆಟ್ಟಿದ್ದರೆ ಈ ಧೈರ್ಯ ಸಲ್ಲದು. ನಮ್ಮ ಸಲಹೆ ಇಷ್ಟು: 12ರಿಂದ 24 ಗಂಟೆ ಸಲೈನ್ ಕೊಟ್ಟು ಕ್ರಿಯೇಟಿನಿನ್ ಮತ್ತೆ ನೋಡಿ. 2.8ರಿಂದ 1.9ಕ್ಕೆ ಇಳಿದರೆ ಝೋಲೆಡ್ರಾನಿಕ್‌ಗೆ ದಾರಿ ತೆರೆದಿದೆ. ಅಲುಗದೆ ನಿಂತಿದ್ದರೆ ಅಥವಾ ಏರಿದರೆ ಡೆನೊಸುಮ್ಯಾಬ್ ಕಡೆ ತಿರುಗಿ.

ಡೆನೊಸುಮ್ಯಾಬ್ ಕಿಡ್ನಿಯ ಮೂಲಕ ಹೊರಹೋಗುವುದಿಲ್ಲ, ಕಿಡ್ನಿಗೆ ಪೆಟ್ಟು ಕೊಡುವುದಿಲ್ಲ. 120 ಮಿಲಿಗ್ರಾಂ ಚರ್ಮದಡಿ, ನಾಲ್ಕು ವಾರಕ್ಕೊಮ್ಮೆ; ಮೊದಲ ತಿಂಗಳು 8 ಮತ್ತು 15ನೇ ದಿನ ಹೆಚ್ಚುವರಿ ಡೋಸ್. ಬಿಸ್‌ಫಾಸ್ಫೊನೇಟ್‌ಗೆ ಬಗ್ಗದ ಕ್ಯಾಲ್ಸಿಯಂಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2014ರಲ್ಲಿ ಇದನ್ನು ಒಪ್ಪಿತು. ಅದಕ್ಕೆ ಆಧಾರವಾದ ಪ್ರಯೋಗ ಚಿಕ್ಕದು: 33 ರೋಗಿಗಳು, 10ನೇ ದಿನದೊಳಗೆ ಶೇ. 64 ಜನರಲ್ಲಿ ಕ್ಯಾಲ್ಸಿಯಂ 11.5ಕ್ಕೆ ಅಥವಾ ಅದಕ್ಕಿಂತ ಕೆಳಗೆ. ಬೇರೆ ಔಷಧಿ ಸೋತವರಲ್ಲಿ ಇಷ್ಟು ಗೆಲುವು ಸಣ್ಣದಲ್ಲ. ಎಂಡೊಕ್ರೈನ್ ಸೊಸೈಟಿಯ 2023ರ ಮಾರ್ಗಸೂಚಿ ಒಂದು ಹೆಜ್ಜೆ ಮುಂದೆ ಹೋಗಿ, ಕ್ಯಾನ್ಸರ್‌ನ ಕ್ಯಾಲ್ಸಿಯಂ ಏರಿಕೆಗೆ ಬಿಸ್‌ಫಾಸ್ಫೊನೇಟ್‌ಗಿಂತ ಡೆನೊಸುಮ್ಯಾಬ್ ಅನ್ನೇ ಮೊದಲು ಪರಿಗಣಿಸಬಹುದು ಎಂದಿತು. ಆದರೆ ಅದು ಷರತ್ತಿನ ಸಲಹೆ, ಕಟ್ಟುನಿಟ್ಟಿನ ಶಿಫಾರಸು ಅಲ್ಲ.

ಮೈಲೋಮಾದ ಮೂಳೆ ರಕ್ಷಣೆಯಲ್ಲಿ ಎರಡನ್ನೂ ಎದುರುಬದುರು ಇಟ್ಟು ನೋಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು, 1,718 ರೋಗಿಗಳು. ಕಿಡ್ನಿ ತೊಂದರೆ ಡೆನೊಸುಮ್ಯಾಬ್‌ನಲ್ಲಿ ಶೇ. 10, ಝೋಲೆಡ್ರಾನಿಕ್‌ನಲ್ಲಿ ಶೇ. 17. ಕ್ಯಾಲ್ಸಿಯಂ ಕುಸಿತ ಡೆನೊಸುಮ್ಯಾಬ್‌ನಲ್ಲಿ ಶೇ. 17, ಝೋಲೆಡ್ರಾನಿಕ್‌ನಲ್ಲಿ ಶೇ. 12. ಎರಡರ ಸ್ವಭಾವವೂ ಈ ನಾಲ್ಕು ಸಂಖ್ಯೆಯಲ್ಲಿದೆ. ಕಿಡ್ನಿ ಕೆಟ್ಟವರಿಗೆ ಡೆನೊಸುಮ್ಯಾಬ್ ಸುರಕ್ಷಿತ ಎಂದು ಹೇಳುವಾಗ ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಬೇಕು: ಕಿಡ್ನಿ ಕೆಟ್ಟವರಲ್ಲೇ ಅದರಿಂದಾಗುವ ಕ್ಯಾಲ್ಸಿಯಂ ಕುಸಿತ ತೀವ್ರವಾಗಿರುತ್ತದೆ, ವಾರಗಟ್ಟಲೆ ಕಾಡುತ್ತದೆ. ವಿಟಮಿನ್ ಡಿ ಕೊರತೆ ಇದ್ದರಂತೂ ಇನ್ನೂ ಹೆಚ್ಚು. ಇನ್ನೊಂದು ಮಿತಿ, ಇದರ ಪರಿಣಾಮ ಕಾಣಲು 4ರಿಂದ 10 ದಿನ ಹಿಡಿಯಬಹುದು. ಮಧ್ಯೆ ನಿಲ್ಲಿಸಿದರೆ ತಡೆದಿಟ್ಟ ಮೂಳೆ ಕರಗುವಿಕೆ ಒಮ್ಮೆಲೇ ಮರಳಬಹುದು ಎಂಬುದನ್ನೂ ಮೊದಲೇ ತಿಳಿದಿರಬೇಕು.

ದವಡೆಯ ಮೂಳೆ ಸಾಯುವ ಅಪಾಯ ಮೂರರಲ್ಲೂ ಇದೆ. ತಿಂಗಳುಗಟ್ಟಲೆ ಕೊಡುವ ಮುನ್ನ ಹಲ್ಲಿನ ವೈದ್ಯರಿಂದ ನೋಡಿಸಿ, ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಬೇಕು. 15 ಕ್ಯಾಲ್ಸಿಯಂ ಇರುವವರ ಮೊದಲ ಡೋಸ್‌ಗೆ ಮಾತ್ರ ಹಲ್ಲಿನ ಪರೀಕ್ಷೆಗೆಂದು ಕಾಯಬಾರದು.

ಝೋಲೆಡ್ರಾನಿಕ್ ಕೊಟ್ಟ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರುವುದುಂಟು. ಬೇರೆ ರೋಗಿಗಳಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬಿಡಬಹುದು. ರಕ್ತದ ಕ್ಯಾನ್ಸರ್‌ನಲ್ಲಿ ಹಾಗೆ ಬಿಡುವಂತಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿದ್ದು 38.3 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದು ಸೋಂಕೇ ಎಂದು ಹಿಡಿದು, ರಕ್ತದ ಕಲ್ಚರ್ ತೆಗೆದು ಆ್ಯಂಟಿಬಯೋಟಿಕ್ ಶುರುಮಾಡಬೇಕು. ಔಷಧಿಯ ಜ್ವರ ಎಂದು ಒಂದು ರಾತ್ರಿ ಕಾದರೆ ಜೀವಕ್ಕೇ ಮುಳುವಾಗಬಹುದು.

ಸ್ಟಿರಾಯ್ಡ್: ಸರಿಯಾದ ಕಡೆ ಮೊದಲನೆಯದು

ಕ್ಯಾಲ್ಸಿಟ್ರಿಯಾಲ್‌ನಿಂದ ಏರಿದ ಲಿಂಫೋಮಾದಲ್ಲಿ ಮೊದಲ ಔಷಧಿ ಸ್ಟಿರಾಯ್ಡ್. ಹೈಡ್ರೊಕಾರ್ಟಿಸೋನ್ ದಿನಕ್ಕೆ 200ರಿಂದ 300 ಮಿಲಿಗ್ರಾಂ ನರದ ಮೂಲಕ ಮೂರರಿಂದ ಐದು ದಿನ, ಅಥವಾ ಪ್ರೆಡ್ನಿಸೋನ್ ದಿನಕ್ಕೆ 40ರಿಂದ 60 ಮಿಲಿಗ್ರಾಂ. ಎರಡರಿಂದ ಐದು ದಿನದಲ್ಲಿ ಇಳಿಕೆ ಕಾಣುತ್ತದೆ. ಪಿಟಿಎಚ್ ತಗ್ಗಿದ್ದು, ಪಿಟಿಎಚ್‌ಆರ್‌ಪಿ ಹೆಚ್ಚಿಲ್ಲದೆ, ರಂಜಕ ಇಳಿಯದೆ, 1,25 ವಿಟಮಿನ್ ಡಿ ಹೆಚ್ಚಿದ್ದರೆ ಗುರುತು ಸ್ಪಷ್ಟ. ಆಹಾರದ ಕ್ಯಾಲ್ಸಿಯಂ ಕಡಿಮೆ ಮಾಡುವುದು ಅರ್ಥಪೂರ್ಣವಾಗುವುದೂ ಇವರಲ್ಲೇ. ಮೈಲೋಮಾದವರಿಗೆ ಹಾಲು ನಿಲ್ಲಿಸಿ ಏನೂ ಸಿಗುವುದಿಲ್ಲ. ಕ್ಯಾಲ್ಸಿಯಂ ಬರುತ್ತಿರುವುದು ಅವರದೇ ಮೂಳೆಯಿಂದ, ಮೊದಲೇ ಸೊರಗಿದವರ ಊಟ ಮಾತ್ರ ಇನ್ನಷ್ಟು ಇಳಿಯುತ್ತದೆ.

ಲಿಂಫೋಮಾ ಎಂಬ ಶಂಕೆ ಇದ್ದು ಬಯಾಪ್ಸಿ ಇನ್ನೂ ಆಗಿಲ್ಲ ಎಂದರೆ ಸ್ಟಿರಾಯ್ಡ್ ಮುಟ್ಟುವ ಮೊದಲು ಗಡ್ಡೆಯ ತುಣುಕು ತೆಗೆಯಬೇಕು. ಒಂದೆರಡು ದಿನದ ಸ್ಟಿರಾಯ್ಡ್‌ಗೇ ಗಡ್ಡೆ ಕರಗಿ, ಪೆಥಾಲಜಿಸ್ಟ್‌ಗೆ ಸತ್ತ ಕೋಶಗಳಷ್ಟೇ ಸಿಕ್ಕಿ, ಯಾವ ಲಿಂಫೋಮಾ ಎಂದು ಹೇಳಲಾಗದೆ ಹೋಗುತ್ತದೆ. ಅಷ್ಟರವರೆಗೆ ಸಲೈನ್, ಕ್ಯಾಲ್ಸಿಟೋನಿನ್ ಮೇಲೆ ಹಿಡಿದಿಡಬಹುದು. ಗಡ್ಡೆ ಬೇಗ ಕರಗುವಾಗ ಯೂರಿಕ್ ಆಸಿಡ್, ಪೊಟ್ಯಾಸಿಯಂ, ರಂಜಕ ಏರುವುದನ್ನೂ ಕಾಯುತ್ತಿರಬೇಕು.

ಮೈಲೋಮಾದಲ್ಲಿ ಡೆಕ್ಸಾಮೆಥಾಸೋನ್ ಕೊಡುವುದು ಕ್ಯಾನ್ಸರ್‌ಗೇ ಚಿಕಿತ್ಸೆಯಾಗಿ. ಬೋರ್ಟೆಜೊಮಿಬ್‌ನಂಥ ಔಷಧಿಗಳ ಜೊತೆ ಶುರುವಾದರೆ ಕ್ಯಾಲ್ಸಿಯಂನ ಬುಡಕ್ಕೇ ಪೆಟ್ಟು ಬೀಳುತ್ತದೆ. ಸಕ್ಕರೆ ಏರಿಕೆ, ನಿದ್ರೆ ಕೆಡುವುದು, ಸೋಂಕು ಇವು ಸ್ಟಿರಾಯ್ಡ್‌ನ ಬೆಲೆ.

ಡಯಾಲಿಸಿಸ್

ಕ್ಯಾಲ್ಸಿಯಂ 18ರ ಸುತ್ತ ಇದ್ದು ಪ್ರಜ್ಞೆ ಮಸುಕಾದಾಗ, ಅಥವಾ ಹೃದಯ, ಕಿಡ್ನಿ ಎರಡೂ ಸಲೈನ್ ತಾಳದಾಗ ಕ್ಯಾಲ್ಸಿಯಂ ಕಡಿಮೆ ಇರುವ ಅಥವಾ ಇಲ್ಲದ ದ್ರವದಿಂದ ಹೀಮೋಡಯಾಲಿಸಿಸ್. ಗಂಟೆಗಳಲ್ಲೇ ಇಳಿಯುತ್ತದೆ. ನಿಲ್ಲಿಸಿದ ಮೇಲೆ ಮೂಳೆಯಿಂದ ಮತ್ತೆ ಬರುತ್ತದೆ, ಆದ್ದರಿಂದ ಡೆನೊಸುಮ್ಯಾಬ್ ಜೊತೆಗೇ ಯೋಚಿಸಬೇಕು.

ಒಂದು ನೋಟಕ್ಕೆ

| ಚಿಕಿತ್ಸೆ | ಕೆಲಸ ಶುರು | ಬಾಳಿಕೆ | ಕಿಡ್ನಿ ಕೆಟ್ಟಿದ್ದರೆ |
|---|---|---|---|
| ಸಲೈನ್ | ಕೆಲವು ಗಂಟೆ | ಡ್ರಿಪ್ ಇರುವವರೆಗೆ | ಮೂತ್ರ ಅಳೆದು, ನಿಧಾನವಾಗಿ |
| ಕ್ಯಾಲ್ಸಿಟೋನಿನ್ | 4–6 ಗಂಟೆ | 48 ಗಂಟೆ | ಕೊಡಬಹುದು |
| ಝೋಲೆಡ್ರಾನಿಕ್ | 1–3 ದಿನ | 2–4 ವಾರ | ಕ್ರಿಯೇಟಿನಿನ್ 4.5 ದಾಟಿದರೆ ಬೇಡ |
| ಡೆನೊಸುಮ್ಯಾಬ್ | 4–10 ದಿನ | 4–15 ವಾರ | ಕೊಡಬಹುದು, ಕುಸಿತದ ಎಚ್ಚರ |
| ಸ್ಟಿರಾಯ್ಡ್ | 2–5 ದಿನ | ದಿನಗಳಿಂದ ವಾರಗಳು | ಕೊಡಬಹುದು |
| ಡಯಾಲಿಸಿಸ್ | ಕೆಲವು ಗಂಟೆ | ಮಾಡುವಷ್ಟು ಹೊತ್ತು | ಇರುವುದೇ ಇವರಿಗೆ |

ಹಾಸಿಗೆಯ ಪಕ್ಕದಲ್ಲಿ ಆಯ್ಕೆ ಹೇಗಿರುತ್ತದೆ

ಹೊಸದಾಗಿ ಪತ್ತೆಯಾದ ಮೈಲೋಮಾ, ತಿದ್ದಿದ ಕ್ಯಾಲ್ಸಿಯಂ 15.2, ಕ್ರಿಯೇಟಿನಿನ್ 1.8, ಮಂಪರು. ಇವರಿಗೆ ಸಲೈನ್ ಮತ್ತು ಕ್ಯಾಲ್ಸಿಟೋನಿನ್ ಅದೇ ಗಂಟೆ, ನೀರು ಒಂದು ಹದಕ್ಕೆ ಬಂದ ಕೂಡಲೇ ಅದೇ ದಿನ ಝೋಲೆಡ್ರಾನಿಕ್, ಮೈಲೋಮಾ ಚಿಕಿತ್ಸೆಯನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ.

ಅದೇ ರೋಗಿಗೆ ಕ್ರಿಯೇಟಿನಿನ್ 5.2, ಮೂತ್ರ ಕಡಿಮೆ ಎಂದರೆ ಚಿತ್ರ ಬದಲಾಗುತ್ತದೆ. ಸಲೈನ್ ಅಳೆದು, ಕ್ಯಾಲ್ಸಿಟೋನಿನ್, ಡೆನೊಸುಮ್ಯಾಬ್, ಡೆಕ್ಸಾಮೆಥಾಸೋನ್. ಕಿಡ್ನಿ ವೈದ್ಯರನ್ನು ಮೊದಲ ದಿನವೇ ಕರೆಸಿ. ಡೆನೊಸುಮ್ಯಾಬ್ ಬಲ ಹಿಡಿಯುವ ಮುನ್ನ ಕ್ಯಾಲ್ಸಿಟೋನಿನ್ ಸತ್ತುಹೋಗುತ್ತದೆ ಎಂಬ ಅಂತರವನ್ನು ತುಂಬಲು ಡಯಾಲಿಸಿಸ್ ಬೇಕಾಗಬಹುದು.

11.4 ಇದ್ದು ಯಾವ ಲಕ್ಷಣವೂ ಇಲ್ಲದಿದ್ದರೆ ಆತುರ ಬೇಡ. ಆದರೆ ಮೈಲೋಮಾದಲ್ಲಿ 11 ದಾಟಿದ ಕ್ಯಾಲ್ಸಿಯಂ, ಬೇರೆ ಕಾರಣ ಇಲ್ಲದಿದ್ದರೆ, ಕಾಯಿಲೆಗೆ ಚಿಕಿತ್ಸೆ ಶುರುಮಾಡಬೇಕೆಂಬುದರ ಗುರುತು. ಚೆನ್ನಾಗಿ ನೀರು ಕುಡಿಸಿ, ಎರಡು ದಿನದಲ್ಲಿ ರಕ್ತ ಮತ್ತೆ ನೋಡಿ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಒಮ್ಮೆ ತೆಗೆದು ನೋಡಿ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಎದೆಯುರಿ ಔಷಧಿ, ಬಿಪಿಗೆ ಕೊಟ್ಟ ಥಯಾಜೈಡ್, ಲಿಥಿಯಂ ಇವು ಕ್ಯಾಲ್ಸಿಯಂ ಏರಿಸುತ್ತವೆ. ಬೆನ್ನುನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೈಲೋಮಾದ ಕಿಡ್ನಿಯನ್ನು ಒಂದೇ ವಾರದಲ್ಲಿ ಕೆಡವಬಲ್ಲವು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ನುಂಗುವವರಿದ್ದರೆ ವೈದ್ಯರಿಗೆ ಆಗಲೇ ಹೇಳಿ. ಹಾಸಿಗೆ ಹಿಡಿದಷ್ಟೂ ಮೂಳೆ ಕರಗುತ್ತದೆ. ಬೆನ್ನುಮೂಳೆ ಗಟ್ಟಿಯಾಗಿದೆ ಎಂದು ವೈದ್ಯರು ಹೇಳಿದ ಮೇಲೆ ದಿನಕ್ಕೆ ಕೆಲವು ಸಲ ಎಬ್ಬಿಸಿ ನಡೆಸಿ.

ಕ್ಯಾನ್ಸರ್‌ಗೆ ಇನ್ನು ಚಿಕಿತ್ಸೆ ಉಳಿದಿಲ್ಲ ಎಂಬ ಹಂತದಲ್ಲಿ ಕ್ಯಾಲ್ಸಿಯಂ ಏರಿದರೆ ಆಯ್ಕೆ ಮನೆಯವರಿಗೂ ವೈದ್ಯರಿಗೂ ಕಷ್ಟದ್ದು. ಒಂದು ಡೋಸ್ ಝೋಲೆಡ್ರಾನಿಕ್‌ನಿಂದ ಗೊಂದಲ, ವಾಕರಿಕೆ ತಗ್ಗಿ ಎರಡು ಮೂರು ವಾರ ಮನೆಯವರ ಜೊತೆ ಮಾತಾಡುವಷ್ಟು ಎಚ್ಚರ ಸಿಗಬಹುದು. ಅದು ರೋಗಿಗೆ ಬೇಕೆನಿಸಿದರೆ ಕೊಡುವುದು ಸರಿ. ಡ್ರಿಪ್, ಸೂಜಿ, ಆಸ್ಪತ್ರೆ ಸಾಕು ಎಂದು ಅವರು ಎಚ್ಚರವಿದ್ದಾಗ ಹೇಳಿದ್ದರೆ ಕೊಡದಿರುವುದೂ ಸರಿ. ಆಗ ನೋವು, ವಾಕರಿಕೆ, ಚಡಪಡಿಕೆಗೆ ಔಷಧಿ ಕೊಟ್ಟು ನೆಮ್ಮದಿಯಾಗಿ ನೋಡಿಕೊಳ್ಳಬೇಕು. ಈ ಮಾತನ್ನು ಕ್ಯಾಲ್ಸಿಯಂ 16 ಆಗಿ ಅವರಿಗೆ ಮಾತಾಡಲಾಗದ ದಿನದವರೆಗೆ ಮುಂದೂಡಬೇಡಿ.

ಸಂಖ್ಯೆ ಇಳಿದ ಮೇಲೆ

ಝೋಲೆಡ್ರಾನಿಕ್ ಅಥವಾ ಡೆನೊಸುಮ್ಯಾಬ್ ಕೊಟ್ಟ ನಂತರ ಮೊದಲ ವಾರ ದಿನ ಬಿಟ್ಟು ದಿನವಾದರೂ ಕ್ಯಾಲ್ಸಿಯಂ, ಕ್ರಿಯೇಟಿನಿನ್, ರಂಜಕ, ಮೆಗ್ನೀಸಿಯಂ ನೋಡಬೇಕು, ಆಮೇಲೆ ವಾರಕ್ಕೊಮ್ಮೆ. 4ನೇ ದಿನದಿಂದಾಚೆ ಕುಸಿತದ ಸರದಿ ಬರಬಹುದು: ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಮೀನಖಂಡ ಹಿಡಿದುಕೊಳ್ಳುವುದು, ಕೈಬೆರಳುಗಳು ತಾವಾಗಿ ಮಡಚಿಕೊಳ್ಳುವುದು. ಮನೆಗೆ ಹೋದವರಲ್ಲಿ ಇದು ಕಂಡರೆ ಅದೇ ದಿನ ರಕ್ತಪರೀಕ್ಷೆ. ಹಿಂದೆ ನಿಲ್ಲಿಸಿದ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಮತ್ತೆ ಯಾವಾಗ ಶುರುಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ತಾರೀಖಿನ ಸಮೇತ ಬರೆಸಿಕೊಳ್ಳಿ. ಜೊತೆಗೆ ಮುಂದಿನ ಕ್ಯಾಲ್ಸಿಯಂ ಪರೀಕ್ಷೆಯ ತಾರೀಖು, ಕೊಟ್ಟ ಔಷಧಿಯ ಹೆಸರು, ಡೋಸ್, ಕೊಟ್ಟ ದಿನ. ಮೂರನೇ ವಾರದಲ್ಲಿ ಬಾಯಾರಿಕೆ, ಮಲಬದ್ಧತೆ ಮರಳಿದಾಗ ತುರ್ತು ವಿಭಾಗದ ವೈದ್ಯರು ಮೊದಲು ಕೇಳುವುದು ಅದನ್ನೇ.